ಕೆಂಪು ಚುಕ್ಕೆಯ ತಟ್ಟೆ

ಮನೆ ಬದಲಾಯಿಸುವಾಗ ನಾನು ಪಟ್ಟಿ ಮಾಡುತ್ತೇನೆ. ಪೆಟ್ಟಿಗೆಗೊಂದು ನಂಬರು, ಒಳಗಿರುವುದರ ಲೆಕ್ಕ, ಪಕ್ಕದಲ್ಲಿ ತಾರೀಖು. ಕಳೆದ ಶನಿವಾರ ಒಂಬತ್ತನೇ ಪೆಟ್ಟಿಗೆಗೆ ತಟ್ಟೆಗಳನ್ನು ಸುತ್ತಿಡುತ್ತಿದ್ದೆ. ಸ್ಟೀಲಿನವು ಆರು, ಗಾಜಿನವು ನಾಲ್ಕು, ಬಿಳಿ ಪಿಂಗಾಣಿಯದು ಒಂದು. ಆ ಒಂದರ ತಳದಲ್ಲಿ ನೇಲ್ ಪಾಲಿಶ್‌ನಲ್ಲಿ ಇಟ್ಟ ಕೆಂಪು ಚುಕ್ಕೆ.

"ಇದೊಂದು ಯಾಕೆ? ಸೆಟ್ ಇಲ್ಲ, ಜೋಡಿ ಇಲ್ಲ. ಬಿಸಾಕು, ಜಾಗ ಉಳಿಯುತ್ತೆ," ಅಂದ ನನ್ನ ಗಂಡ ಪ್ರಸನ್ನ. ಅವನ ಕಂಪನಿ ನಮ್ಮನ್ನು ಕಾವಾಸಾಕಿಯಿಂದ ನಾಗೋಯಾ ಕಡೆಗೆ ಕಳಿಸುತ್ತಿದೆ.

"ಬಿಸಾಕಿದ್ದನ್ನೇ ನಾನು ಎತ್ತಿಕೊಂಡು ಬಂದಿದ್ದು."

"ಓ, ಆ ಸ್ಕೂಲಿಂದಾ," ಅಂದವನು ಟೇಪು ಹುಡುಕುವ ನೆಪದಲ್ಲಿ ಒಳಗೆ ಹೋದ. ಆ ಶಾಲೆಯ ವಿಷಯ ನಾನು ಶುರು ಮಾಡಿದರೆ ಅರ್ಧ ಗಂಟೆ ಹೋಗುತ್ತದೆಂದು ಅವನಿಗೆ ಗೊತ್ತು. ಅವನು ಹೋದ ಮೇಲೆ ನಾನು ಪೆಟ್ಟಿಗೆ ಬಿಟ್ಟು ಆ ವರ್ಷದ ನೋಟ್‌ಬುಕ್ ತೆಗೆದೆ. ಹಾಗಾಗಿ ಒಂಬತ್ತನೇ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಉಳಿಯಿತು.

ಟೋಕಿಯೋದ ಒಂದು ಓಣಿಯಲ್ಲಿ ಮೂರು ಮಹಡಿಯ ಸಣ್ಣ ಕಟ್ಟಡ. ಹೊರಗೆ ಬೋರ್ಡಿಲ್ಲ, ಬಾಗಿಲು ಮಾತ್ರ ಎರಡು, ಒಂದರ ಹಿಂದೆ ಒಂದು. ಯೆಹೂದಿ ಮಕ್ಕಳ ಅಂತರರಾಷ್ಟ್ರೀಯ ಪ್ರಾಥಮಿಕ ಶಾಲೆ. ಅಂತರರಾಷ್ಟ್ರೀಯ ಎಂದು ಕೇಳಿ ನಾನು ದೊಡ್ಡ ಮೈದಾನ, ಹಳದಿ ಬಸ್ಸು ಎಲ್ಲ ಊಹಿಸಿಕೊಂಡಿದ್ದೆ. ಒಟ್ಟು ಮಕ್ಕಳು ಹದಿನಾಲ್ಕು. ಮೈಸೂರಿನಲ್ಲಿ ನನ್ನ ಒಂದೇ ಸೆಕ್ಷನ್ನಿನಲ್ಲಿ ನಲವತ್ತೆಂಟು ಇದ್ದರು. ಹದಿನಾಲ್ಕು ಮಕ್ಕಳಿಗೆ ಸಹಾಯಕ ಶಿಕ್ಷಕಿಯ ಕೆಲಸವೆಂದರೆ ರಜೆ ಇದ್ದ ಹಾಗೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಆ ಮಾತನ್ನೂ ತಾರೀಖು ಸಮೇತ ಬರೆದಿಟ್ಟಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಎರಡು ಬಾಗಿಲಿನ ನಂಬರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ನಾನು ಹಳೆಯ ನಂಬರು ಒತ್ತಿ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡದ್ದು ಆರು ಸಲ. ಶನಿವಾರ ಸಬ್ಬತ್, ಯೆಹೂದಿಗಳ ವಿಶ್ರಾಂತಿಯ ದಿನ, ಅದು ಶುಕ್ರವಾರ ಸೂರ್ಯ ಮುಳುಗುವಾಗಲೇ ಶುರು. ಚಳಿಗಾಲದಲ್ಲಿ ಟೋಕಿಯೋದ ಸೂರ್ಯ ನಾಲ್ಕೂವರೆಗೇ ಅಂಗಡಿ ಮುಚ್ಚುತ್ತಾನೆ. ಆದ್ದರಿಂದ ಶುಕ್ರವಾರ ಹನ್ನೆರಡಕ್ಕೆ ಶಾಲೆ ಖಾಲಿ, ಉಳಿದ ಪಾಠ ಸೋಮವಾರದ ತಲೆಯ ಮೇಲೆ.

ಎಲ್ಲಕ್ಕಿಂತ ದೊಡ್ಡ ರಗಳೆ ಅಡುಗೆಮನೆ. ಅಡುಗೆಯವರು ಹಿರಾತಾ ಸಾನ್, ಅರವತ್ತು ದಾಟಿದ ಜಪಾನಿ ಹೆಂಗಸು. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ತಲೆಗೆ ಬಿಳಿ ಬಟ್ಟೆ, ಕಣ್ಣಿಗೆ ದಪ್ಪ ಕನ್ನಡಕ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದರು. ಯೆಹೂದಿಗಳ ಊಟದ ಕಟ್ಟುಪಾಡು ಅವರಿಗೆ ಅಲ್ಲಿನ ಮಕ್ಕಳ ತಾಯಂದಿರಿಗಿಂತ ಚೆನ್ನಾಗಿ ಗೊತ್ತಿತ್ತು. ಮಾಂಸ ಮತ್ತು ಹಾಲು ಯಾವತ್ತೂ ಸೇರಬಾರದು. ಸೋಮವಾರ, ಬುಧವಾರ ಮಾಂಸದ ಊಟ, ಅದಕ್ಕೆ ಕೆಂಪು ಚುಕ್ಕೆಯ ತಟ್ಟೆ. ಮಂಗಳವಾರ, ಗುರುವಾರ ಹಾಲಿನ ಊಟ, ಅದಕ್ಕೆ ನೀಲಿ ಚುಕ್ಕೆ. ಸಿಂಕು ಎರಡು, ಚಮಚದ ಡಬ್ಬಿ ಎರಡು, ಒರೆಸುವ ಬಟ್ಟೆಯೂ ಎರಡು ಬಗೆ. ಇಷ್ಟೆಲ್ಲ ತಿಳಿದ ಹಿರಾತಾ ಸಾನ್ ಒಲೆಯನ್ನು ಮಾತ್ರ ತಾವೇ ಹಚ್ಚುವ ಹಾಗಿರಲಿಲ್ಲ. ಬೆಂಕಿ ಯೆಹೂದಿಯೊಬ್ಬರ ಕೈಯಿಂದಲೇ ಆಗಬೇಕು. ಬೆಳಿಗ್ಗೆ ಅಲ್ಲಿ ಇರುತ್ತಿದ್ದ ದೊಡ್ಡವರಲ್ಲಿ ಯೆಹೂದಿ ಎಂದರೆ ಮುಖ್ಯೋಪಾಧ್ಯಾಯಿನಿ ಮಿರಿಯಮ್ ಒಬ್ಬರೇ, ನ್ಯೂಯಾರ್ಕಿನವರು, ಗಂಡ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಮನೆಯಲ್ಲಿ ನಾಲ್ಕು ಚಿಕ್ಕ ಮಕ್ಕಳು. ಎಂಟೂವರೆಗೆ ಬಂದು ಒಲೆ ಹಚ್ಚುತ್ತೇನೆ ಎನ್ನುವುದು ಅವರ ಮಾತು. ಹೆಚ್ಚಿಟ್ಟ ತರಕಾರಿಯ ಮುಂದೆ ಹಿರಾತಾ ಸಾನ್ ಕೈಕಟ್ಟಿ ನಿಂತಿರುತ್ತಿದ್ದರು. ಒಂಬತ್ತು ಹತ್ತಕ್ಕೆ ಮಿರಿಯಮ್ ಏದುಸಿರು ಬಿಡುತ್ತ ಬಂದು, "ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಗ್ಯಾಸ್ ತಿರುವುತ್ತಿದ್ದರು. ಆ ಶಾಲಾ ವರ್ಷದಲ್ಲಿ ಒಲೆ ಸಮಯಕ್ಕೆ ಹತ್ತಿದ್ದು ಮೂವತ್ತಾರು ದಿನ. ಹತ್ತದ ದಿನಗಳನ್ನೂ ಎಣಿಸಿದ್ದೇನೆ, ಹೇಳುವುದಿಲ್ಲ.

ಯಾಯೆಲ್ ಬಂದದ್ದು ನವೆಂಬರ್ ಐದು, ಮಂಗಳವಾರ. ಎಂಟು ವರ್ಷ, ಗುಂಗುರು ಕೂದಲು, ಮುಂದಿನ ಒಂದು ಹಲ್ಲು ಅರ್ಧ ಬೆಳೆದಿತ್ತು. ಅವಳ ಅಪ್ಪ ಕೆಲಸಕ್ಕೆಂದು ಒಂದು ವರ್ಷ ಮೊದಲೇ ಜಪಾನಿಗೆ ಬಂದಿದ್ದರು. ಆ ವರ್ಷವೆಲ್ಲ ಅವಳು ಅಮ್ಮನ ಜೊತೆ ಇಸ್ರೇಲಿನ ಹೈಫಾದಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಮೊದಲ ದಿನವೇ ಲೆಕ್ಕ ಚೆನ್ನಾಗಿ ಮಾಡಿದಳು, ಇಂಗ್ಲಿಷ್ ತಡವರಿಸಿಕೊಂಡು ಓದಿದಳು. ಊಟ ಮಾತ್ರ ಮಾಡಲಿಲ್ಲ.

ಊಟದ ಕೋಣೆಯ ಜವಾಬ್ದಾರಿ ನನ್ನದು. ಮಕ್ಕಳು ತಿನ್ನುತ್ತಾರಾ ಸ್ವಲ್ಪ ನೋಡಿಕೊ ಎಂದಷ್ಟೇ ಮಿರಿಯಮ್ ಹೇಳಿದ್ದರು. ಪಟ್ಟಿ ಮಾಡಿದವಳು ನಾನು. ಹದಿನಾಲ್ಕು ಹೆಸರು, ಪ್ರತಿ ದಿನಕ್ಕೊಂದು ಮನೆ, ಮೂರು ಗುರುತು: ಪೂರ್ತಿ, ಅರ್ಧ, ಇಲ್ಲ. ಒಬ್ಬೊಬ್ಬರ ಪಕ್ಕ ನಿಂತು ತಟ್ಟೆ ನೋಡಿ ಬರೆಯುತ್ತಿದ್ದೆ. ಯಾಯೆಲ್ ಪಕ್ಕ ಸಹಜವಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಡಿಸೆಂಬರ್ ಹತ್ತರವರೆಗೆ ಇಪ್ಪತ್ತೊಂದು ಊಟ. ಪೂರ್ತಿ ಸೊನ್ನೆ, ಅರ್ಧ ಎರಡು, ಇಲ್ಲ ಹತ್ತೊಂಬತ್ತು. ಬೆಳಿಗ್ಗೆ ಒಂದು ಬ್ರೆಡ್ಡು ತಿಂದು ಬಂದರೆ ಸಂಜೆ ನಾಲ್ಕರವರೆಗೆ ನೀರು ಮಾತ್ರ. ಒಂದು ದಿನ ಪಾರ್ಕಿನಲ್ಲಿ ಓಡುವಾಗ ತಲೆ ಸುತ್ತಿ ಕೂತುಬಿಟ್ಟಳು.

ಅವಳ ಅಮ್ಮ ಬಂದರು. ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು, "ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದಕ್ಕೆ ಥ್ಯಾಂಕ್ಸ್. ನಮ್ಮ ಅತ್ತೆ ಹೈಫಾದಿಂದ ಫೆಬ್ರವರಿ ಕೊನೆಗೆ ಬರ್ತಾರೆ. ಅಷ್ಟರಲ್ಲಿ ಇವಳು ಸರಿಯಾಗಿ ಊಟ ಮಾಡದಿದ್ದರೆ ಅವರ ಜೊತೆ ವಾಪಸ್ ಕಳಿಸಿಬಿಡ್ತೀನಿ. ಅಲ್ಲಾದ್ರೂ ತಿಂತಿದ್ದಳು."

ಮರುದಿನ ಮೆಟ್ಟಿಲ ಮೇಲೆ ಯಾಯೆಲ್ ನನ್ನ ತೋಳು ಹಿಡಿದಳು. ಅಲ್ಲಿ ಟೀಚರಿಗೆ ಮೋರಾ ಎನ್ನುತ್ತಾರೆ.

"ಮೋರಾ ಶ್ರುತಿ, ನಿನ್ನ ಪುಸ್ತಕದಲ್ಲಿ ನೋಡಿ ಹೇಳು. ಫೆಬ್ರವರಿ ಕೊನೆಗೆ ಎಷ್ಟು ದಿನ ಇದೆ?"

ಎಣಿಸಿ ಹೇಳಿದೆ. ಅವಳು ಬೆರಳು ಮಡಚಿ ಇನ್ನೊಮ್ಮೆ ಎಣಿಸಿದಳು. "ನಾನು ಹೋದ್ರೆ ಅಬ್ಬಾ ಮತ್ತೆ ಫೋನಲ್ಲಿ ಮಾತ್ರ," ಅಂದಳು. ಅಬ್ಬಾ ಎಂದರೆ ಅವರಲ್ಲಿ ಅಪ್ಪ.

"ಹಾಗಾದ್ರೆ ಊಟ ಮಾಡು."

"ಆಗಲ್ಲ."

"ಯಾಕೆ ಆಗಲ್ಲ?"

ಅದಕ್ಕೆ ಅವಳು ಭುಜ ಕುಣಿಸಿ ಓಡಿಹೋದಳು. ಆಮೇಲೆ ದಿನಾ ಬೆಳಿಗ್ಗೆ ಬಂದು ಎಷ್ಟು ದಿನ ಎಂದು ಕೇಳುವುದು ರೂಢಿಯಾಯಿತು.

ಡಿಸೆಂಬರ್ ಹನ್ನೊಂದು, ಬುಧವಾರ. ಇನ್ನೊಬ್ಬ ಟೀಚರಿಗೆ ಜ್ವರ. ಮಕ್ಕಳನ್ನು ಬಿಟ್ಟು ಸ್ಟಾಫ್ ರೂಮಿಗೆ ಹೋಗಿ ಊಟ ಮಾಡಲು ಆಗಲಿಲ್ಲ. ಹೊರಗಿನ ಊಟ ಸ್ಟಾಫ್ ರೂಮ್ ದಾಟಬಾರದು ಎಂಬ ನಿಯಮ ಗೊತ್ತಿತ್ತು. ಆದರೆ ಅದು ಹಂದಿ, ಸೀಗಡಿ ತರುವವರಿಗೆ ಮಾಡಿದ್ದು ಅಂದುಕೊಂಡಿದ್ದೆ. ನನ್ನ ಡಬ್ಬಿಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಕೂಡ ಇಲ್ಲ, ಬರೀ ಮೊಸರನ್ನ. ಇದರಿಂದ ಯಾರಿಗೇನು ಕೆಡುತ್ತದೆ? ನೋಟ್‌ಬುಕ್ ಮೇಲಿನ ಸ್ಟಾಫ್ ರೂಮಿನಲ್ಲೇ ಬಿಟ್ಟು, ಡಬ್ಬಿ ತಂದು ಯಾಯೆಲ್ ಪಕ್ಕ ಕೂತೆ. ಅವಳ ಮುಂದೆ ಹಬೆಯಾಡುವ ಕೋಳಿ, ಆಲೂಗಡ್ಡೆ. ಅವಳು ನನ್ನ ಡಬ್ಬಿಯನ್ನೇ ನೋಡುತ್ತಿದ್ದಳು.

"ಅದೇನು ಬಿಳೀದು?"

"ಅನ್ನ. ಬೇಕಾ?"

ಎರಡು ಚಮಚ ಅವಳ ತಟ್ಟೆಯ ಅಂಚಿಗೆ ಹಾಕಿದೆ. ತಿಂದಳು. ಇನ್ನೆರಡು ಹಾಕಿದೆ, ಅದನ್ನೂ ತಿಂದಳು. ಕೊನೆಗೆ ನನ್ನ ಡಬ್ಬಿಯಲ್ಲಿ ಉಳಿದದ್ದು ಒಗ್ಗರಣೆಯ ಕರಿಬೇವು ಮಾತ್ರ.

ತಟ್ಟೆ ಒಟ್ಟುಮಾಡಲು ಬಂದ ಹಿರಾತಾ ಸಾನ್ ಅಲ್ಲೇ ನಿಂತರು. ಕೋಳಿಯ ರಸಕ್ಕೆ ಅಂಟಿದ ನಾಲ್ಕು ಬಿಳಿ ಅಗುಳನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ತಟ್ಟೆ ಎತ್ತಿಕೊಂಡು ಮಿರಿಯಮ್ ಕೋಣೆಗೆ ಹೋದರು.

ವಿಚಾರಣೆ ಮೂರು ಗಂಟೆಗೆ.

"ಶ್ರುತಿ, ಅದರಲ್ಲಿ ಹಾಲಿತ್ತಾ?"

"ಹಾಲಲ್ಲ, ಮೊಸರು. ಪೂರ್ತಿ ವೆಜಿಟೇರಿಯನ್."

"ತಟ್ಟೆಯಲ್ಲಿ ಕೋಳಿ ಇತ್ತು."

"ಕೋಳಿ ಅವಳು ಮುಟ್ಟಲೇ ಇಲ್ಲ."

"ಕೋಳಿ ಬಿಸಿ ಇತ್ತಾ?"

"ಇತ್ತು."

"ಎಷ್ಟು ಬಿಸಿ? ಕೈ ಹಿಂದಕ್ಕೆ ತೆಗೀಬೇಕು ಅನ್ನುವಷ್ಟಾ?"

ಕೋಳಿಯ ಬಿಸಿಯನ್ನು ನಾನು ಯಾವತ್ತೂ ಮುಟ್ಟಿ ನೋಡಿದವಳಲ್ಲ, ಹಾಗೆಂದೆ. ಮಿರಿಯಮ್ ಗಂಡನಿಗೆ ಫೋನ್ ಮಾಡಿದರು. ಅವರು ಯಾರಿಗೋ ಫೋನ್ ಮಾಡಿದರು. ಒಂದು ಡಬ್ಬಿ ಮೊಸರನ್ನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ತೀರ್ಪು: ಚಮಚವನ್ನು ಒಂದು ದಿನ ಹಾಗೇ ಇಟ್ಟು, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಸರಿಹೋಗುತ್ತದೆ. ಪಿಂಗಾಣಿ ಹೀರಿಕೊಂಡದ್ದನ್ನು ಬಿಡುವುದಿಲ್ಲ, ತಟ್ಟೆ ಹೋಯಿತು.

ನನಗೆ ಸಿಟ್ಟು ಬಂದಿತ್ತು. "ಐದು ವಾರದಲ್ಲಿ ಆ ಮಗು ಹೊಟ್ಟೆ ತುಂಬ ತಿಂದಿದ್ದು ಇವತ್ತು. ಅದನ್ನ ಯಾರೂ ಕೇಳ್ತಿಲ್ಲ," ಅಂದೆ.

ಮಿರಿಯಮ್ ಬೇಸರ ಮಾಡಿಕೊಳ್ಳಲಿಲ್ಲ. "ಅದೇ ಮೊದಲು ಖುಷಿಯಾಗಿದ್ದು ನನಗೆ. ಆದರೆ ಅವಳ ಅಮ್ಮ ಇಲ್ಲಿಗೆ ಕಳಿಸೋದೇ ಈ ವಿಷಯ ಯೋಚನೆ ಮಾಡಬೇಕಾಗಿಲ್ಲ ಅಂತ. ಈಗ ನಾನು ಫೋನ್ ಮಾಡಿ ಹೇಳಬೇಕು."

ಆಗ ನನ್ನ ಅಜ್ಜಿ ನೆನಪಾದರು. ಅನ್ನ ಬಡಿಸಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಿದೆ ಎಂದು ನಾನು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ, ಆಗ ನಾನಿನ್ನೂ ಬರೆಯುತ್ತಿರಲಿಲ್ಲ. ಮುಸುರೆ, ಮುಸುರೆ ಎಂದು ಅಣಕಿಸಿ ನಗುತ್ತಿದ್ದೆ. ಆರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು ಮತ್ತೆ ಅದೇ ಬೈಗುಳ ತಿಂದಂತಾಯಿತು.

ಹೊರಗೆ ಕಸದ ಬುಟ್ಟಿಯ ಹತ್ತಿರ ಹಿರಾತಾ ಸಾನ್ ತಟ್ಟೆಯನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ನಾನು ತಗೊಂಡು ಹೋಗಲಾ ಎಂದೆ. ಕೊಟ್ಟರು. ಕೊಡುತ್ತ ತಮ್ಮ ಸಣ್ಣ ಇಂಗ್ಲಿಷಿನಲ್ಲಿ ಕೇಳಿದರು, "ಸೆನ್ಸೇ, ಟೀಚರ್, ಆ ಬಿಳೀ ಊಟ ಇಲ್ಲೇ ಮಾಡಬಹುದಾ? ನಮ್ಮ ಪಾತ್ರೆ, ಮಿರಿಯಮ್ ಸಾನ್ ಬೆಂಕಿ, ನೀಲಿ ದಿನ."

ಹೀಗೆ ಮೊಸರಿನ ಅಧ್ಯಾಯ ಶುರುವಾಯಿತು. ಅನ್ನ ಸುಲಭ. ಶಾಲೆಯ ಹಾಲೂ ಇತ್ತು. ರಬ್ಬಿ ತಿಂಗಳಿಗೊಮ್ಮೆ ಒಂದು ಡೈರಿಗೆ ಹೋಗಿ, ಹಾಲು ಕರೆಯುವಾಗ ಎದುರು ನಿಂತು ನೋಡಿ ತಂದು ಫ್ರೀಜರಿನಲ್ಲಿಡುತ್ತಿದ್ದ ಹಾಲು. ತೊಂದರೆ ಹೆಪ್ಪಿನದು. ನಮ್ಮ ಮನೆಯ ಮೊಸರಿನ ಒಂದು ತೊಟ್ಟೂ ಅಲ್ಲಿಗೆ ಬರುವ ಹಾಗಿಲ್ಲ, ಅಂಗಡಿಯದಂತೂ ಇಲ್ಲ. ಹೆಪ್ಪಿಲ್ಲದೆ ಮೊಸರು ಹೇಗೆ? ಅಮ್ಮನಿಗೆ ಫೋನ್ ಮಾಡಿದೆ.

"ಒಣಮೆಣಸಿನಕಾಯಿ ತೊಟ್ಟು ಹಾಕೇ. ಉಗುರುಬೆಚ್ಚಗಿನ ಹಾಲಿಗೆ ಏಳೆಂಟು ತೊಟ್ಟು, ಮುಚ್ಚಿ ಬೆಚ್ಚಗಿಡು. ಮೊದಲನೇದು ಲೋಳೆಲೋಳೆ ಬರುತ್ತೆ, ಅದನ್ನ ಹೆಪ್ಪು ಮಾಡಿ ಎರಡನೇದು ಹಾಕು," ಅಂದರು ಅಮ್ಮ. "ಅಲ್ಲ ಕಣೇ, ಜಪಾನಲ್ಲಿ ಮೊಸರು ಸಿಗಲ್ವಾ?"

"ಸಿಗುತ್ತಮ್ಮ. ಬೇಕಾದಷ್ಟು ಸಿಗುತ್ತೆ."

"ಮತ್ತೆ?"

ಮತ್ತೆ ಏನು ಎಂದು ವಿವರಿಸಲು ಇಪ್ಪತ್ತಮೂರು ನಿಮಿಷ ಹಿಡಿಯಿತು. ಕೊನೆಗೆ ಅಮ್ಮ, "ನಿಮ್ಮಜ್ಜಿ ಇದ್ದಿದ್ರೆ ಆ ಶಾಲೆಗೆ ಸೇರಿಕೊಳ್ತಿದ್ರು," ಎಂದರು.

ಮೊದಲ ಪ್ರಯತ್ನ ಡಿಸೆಂಬರ್ ಹದಿನೇಳು. ಮೆಣಸಿನಕಾಯಿಯಲ್ಲಿ ಹುಳ ಇದೆಯಾ ಎಂದು ಹಿರಾತಾ ಸಾನ್ ಒಂದೊಂದನ್ನೂ ದೀಪದ ಕೆಳಗೆ ತಿರುಗಿಸಿ ನೋಡಿದರು. ಹುಳವೂ ಹಂದಿಯಷ್ಟೇ ನಿಷಿದ್ಧವಂತೆ. ಮರುದಿನ ಹಾಲು ಹಾಲಾಗಿಯೇ ಇತ್ತು, ಅಡುಗೆಮನೆ ಅಷ್ಟು ತಣ್ಣಗಿತ್ತು. ಎರಡನೆಯದು ಜನವರಿ ಏಳು, ರಜೆ ಮುಗಿದ ಮೇಲೆ, ಒಡೆದು ನೀರು ಬೇರೆ, ಗಟ್ಟಿ ಬೇರೆ. ಮೂರನೆಯದು ಜನವರಿ ಹದಿನಾಲ್ಕು. ಅದು ಸ್ವಲ್ಪ ಹೆಪ್ಪುಗಟ್ಟಿತ್ತೇನೋ, ಆದರೆ ಬೆಳಿಗ್ಗೆ ಮಿರಿಯಮ್ ಮುಚ್ಚಳ ತೆಗೆದು ಮೂಸಿ, ಕೆಟ್ಟಿದೆ ಎಂದು ಸಿಂಕಿಗೆ ಸುರಿದುಬಿಟ್ಟಿದ್ದರು. ಸಮಯಕ್ಕೆ ಬಂದ ಮೂವತ್ತಾರು ದಿನಗಳಲ್ಲಿ ಅದೂ ಒಂದು. ಪ್ರತಿ ಸಲ ಅರ್ಧ ಲೀಟರ್, ರಬ್ಬಿ ಚಳಿಯಲ್ಲಿ ನಿಂತು ಕಾದ ಹಾಲು. "ಇನ್ನೆಷ್ಟು ಸಲ?" ಎಂದು ಮಿರಿಯಮ್ ಮೆತ್ತಗೆ ಕೇಳಿದರು. ಇನ್ನು ಎರಡು ಎಂದೆ, ಯಾವ ಧೈರ್ಯದಲ್ಲೋ.

ಇತ್ತ ಯಾಯೆಲ್ ಸಾಲಿನಲ್ಲಿ ಇಲ್ಲ, ಇಲ್ಲ, ಇಲ್ಲ. ನಾನು ಮೊದಲಿಗಿಂತ ಹೆಚ್ಚು ಹೊತ್ತು ಅವಳ ಪಕ್ಕ ನಿಲ್ಲುತ್ತಿದ್ದೆ. ಎಷ್ಟು ತುತ್ತು ಎಂದೂ ಬರೆಯಲು ಶುರು ಮಾಡಿದ್ದೆ. ಅವಳ ಅಮ್ಮ ಬಂದಾಗ ತೋರಿಸಲು ಒಂದಾದರೂ ಒಳ್ಳೆಯ ಅಂಕಿ ಬೇಕಿತ್ತು.

ನಾಲ್ಕನೇ ಸಲ, ಫೆಬ್ರವರಿ ನಾಲ್ಕರಂದು, ಹಿರಾತಾ ಸಾನ್ ಕೊಂಬಿನಿ ಅಂಗಡಿಯಿಂದ ಕೈರೋ ತಂದರು. ಚಳಿಗೆ ಜೇಬಿನಲ್ಲಿ ಇಟ್ಟುಕೊಳ್ಳುವ, ತಾನಾಗಿ ಬಿಸಿಯಾಗುವ ಸಣ್ಣ ಚೀಲಗಳು. ಪಾತ್ರೆಗೆ ಟವೆಲ್ ಸುತ್ತಿ, ಸುತ್ತ ಆರು ಕೈರೋ ಇಟ್ಟು, ಮೇಲೆ ತಮ್ಮ ಉಣ್ಣೆಯ ಶಾಲು ಕಟ್ಟಿದರು. "ಮಗು," ಎಂದು ಪಾತ್ರೆ ತಟ್ಟಿದರು. ಬೆಳಿಗ್ಗೆ ಅಮ್ಮ ಹೇಳಿದ ಹಾಗೇ ಲೋಳೆ. ಅದನ್ನೇ ಹೆಪ್ಪು ಹಾಕಿದ ಐದನೆಯದು ಫೆಬ್ರವರಿ ಹದಿನೆಂಟರ ಬೆಳಿಗ್ಗೆ ಗಟ್ಟಿಯಾಗಿತ್ತು, ಚಮಚ ಹಾಕಿದರೆ ಹೋಳು ನಿಲ್ಲುವಷ್ಟು. ಯಾಯೆಲ್ ಅಜ್ಜಿ ಬರಲು ಆರು ದಿನ ಇತ್ತು. ಮಿರಿಯಮ್ ಕೂಡ ಒಂದು ಚಮಚ ತಿಂದು ನೋಡಿದರು. ಹಿರಾತಾ ಸಾನ್ ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡರು, ಅವರ ಸಂಭ್ರಮ ಅಷ್ಟೇ.

ಮಧ್ಯಾಹ್ನ ನೀಲಿ ಚುಕ್ಕೆಯ ತಟ್ಟೆಯಲ್ಲಿ ಮೊಸರನ್ನ ಯಾಯೆಲ್ ಮುಂದೆ ಬಂತು. ಅವಳು ನಕ್ಕಳು, ಚಮಚ ಎತ್ತಿದಳು. ನಾನು ಪಕ್ಕದಲ್ಲಿ ನಿಂತು, ನೋಟ್‌ಬುಕ್ ತೆರೆದು, ತಾರೀಖಿನ ಕೆಳಗೆ ಗೆರೆ ಎಳೆದೆ.

ಅವಳು ಚಮಚ ಕೆಳಗಿಟ್ಟಳು.

"ಏನಾಯ್ತು? ಅವತ್ತಿನದೇ ಊಟ. ಅವತ್ತು ತಿಂದೆಯಲ್ಲ?"

"ಅವತ್ತು ನೀನು ಬರೀತಿರಲಿಲ್ಲ."

ಅವಳು ತಟ್ಟೆಯನ್ನೇ ನೋಡುತ್ತ ಹೇಳಿದಳು, "ಒಂದು ತುತ್ತು ತಿಂದ್ರೆ ಒಂದು ಅಂತ ಬರೀತೀಯ. ಅದು ಕಮ್ಮಿ ಅಂತ ಇಮಾ ಓದ್ತಾರೆ. ಅದಕ್ಕೆ ಗಂಟಲಲ್ಲಿ ನಿಂತುಬಿಡುತ್ತೆ." ಇಮಾ ಎಂದರೆ ಅಮ್ಮ.

ಬಾಗಿಲ ಹತ್ತಿರ ಹಿರಾತಾ ಸಾನ್ ನಿಂತಿದ್ದರು. ಅವರಿಗೆ ಎಷ್ಟು ಇಂಗ್ಲಿಷ್ ಅರ್ಥವಾಯಿತೋ, ಬಂದು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಏಪ್ರನ್ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಬೆನ್ನಿಗೆ ಕೈಯಿಟ್ಟು ಅಡುಗೆಮನೆಗೆ ನಡೆಸಿಕೊಂಡು ಹೋಗಿ, ನೀಲಿ ಸಿಂಕಿನ ಮುಂದೆ ನಿಲ್ಲಿಸಿ ಸ್ಕ್ರಬ್ಬರ್ ಕೊಟ್ಟರು. ಹಾಲಿನ ಪಾತ್ರೆ ಉಜ್ಜಿದೆ. ಎರಡು ತಿಂಗಳು, ಎರಡೂವರೆ ಲೀಟರ್ ಹಾಲು, ಮೂವತ್ತಕ್ಕೂ ಹೆಚ್ಚು ಮೆಣಸಿನ ತೊಟ್ಟು, ಹನ್ನೆರಡು ಕೈರೋ, ಒಂದು ತಟ್ಟೆ. ಪೆನ್ನು ಜೇಬಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ಯಾರ ಮೇಲೆ ರೇಗಬೇಕೆಂದು ಹುಡುಕಿದೆ. ಆ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ.

ತಿರುಗಿ ಬರುವಾಗ ತಟ್ಟೆಗಳೆಲ್ಲ ಒಟ್ಟಾಗಿದ್ದವು, ಯಾವುದು ಅವಳದೆಂದು ಗೊತ್ತಾಗುವಂತಿರಲಿಲ್ಲ. ಹಿರಾತಾ ಸಾನ್ ಕಡೆ ನೋಡಿದೆ. ಅವರು ತಲೆ ಅಲ್ಲಾಡಿಸಿದರು, ಕೇಳಬೇಡ ಎನ್ನುವ ಹಾಗೆ. ಸಂಜೆ ಯಾಯೆಲ್ ಹೋಗುವಾಗ ಬೂಟು ಹಾಕಿಕೊಳ್ಳುತ್ತ, "ಮೋರಾ, ನಿನ್ನ ಮನೇದು ಚೆನ್ನಾಗಿತ್ತು, ಇದು ಹುಳಿ," ಎಂದಳು. ಹುಳಿ ಎಂದು ಹೇಳಬೇಕಾದರೆ ತಿಂದಿರಬೇಕು. ಅದನ್ನು ನಾನು ಬರೆಯಲಿಲ್ಲ.

ಮರುದಿನ ಬುಧವಾರ ಕೋಳಿ. ನಾನು ಊಟದ ಕೋಣೆಗೆ ಹೋಗಲಿಲ್ಲ, ಮೇಲೆ ಕೂತು ಕಾಪಿ ಪುಸ್ತಕ ತಿದ್ದಿದೆ. ಕೆಳಗಿನಿಂದ ಹದಿನಾಲ್ಕು ಮಕ್ಕಳ ಗಲಾಟೆ ಬರುತ್ತಿತ್ತು. ಪ್ರತಿ ಐದು ನಿಮಿಷಕ್ಕೆ ಕೈ ತಾನಾಗಿ ಪೆನ್ನಿಗೆ ಹೋಗುತ್ತಿತ್ತು.

ಅಜ್ಜಿ ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಬಂದರು. ದಪ್ಪ ಕೋಟಿನ, ಗಟ್ಟಿ ದನಿಯ ಹೆಂಗಸು. ಒಂದು ದಿನ ಶಾಲೆಗೆ ಬಂದು ಊಟದ ಕೋಣೆಯಲ್ಲಿ ಮೊಮ್ಮಗಳ ಎದುರಿಗೇ ಕುರ್ಚಿ ಎಳೆದುಕೊಂಡರು. ಹಿರಾತಾ ಸಾನ್ ಅವರಿಗೂ ಒಂದು ತಟ್ಟೆ ತಂದಿಟ್ಟರು. ಅಜ್ಜಿ ತಿನ್ನುವುದರಲ್ಲಿ ಮುಳುಗಿದರು. ಅಷ್ಟೇ ನಾನು ಬಾಗಿಲಿನಿಂದ ನೋಡಿದ್ದು.

ಯಾಯೆಲ್ ಅಮ್ಮ ನನ್ನನ್ನು ಹುಡುಕಿಕೊಂಡು ಬಂದರು. "ನಿಮ್ಮ ಪಟ್ಟಿ ನೋಡಬಹುದಾ?"

"ಈಗ ಬರೀತಿಲ್ಲ," ಅಂದೆ. "ಬೇಕಾದ್ರೆ ಹಿರಾತಾ ಸಾನ್ ಅವರನ್ನ ಕೇಳಿ."

ಅವರು ಕೇಳಿದರು. ಹಿರಾತಾ ಸಾನ್ ಯೋಚಿಸಿ, "ತಟ್ಟೆ ತೊಳೆಯೋದು ಸುಲಭ ಆಗಿದೆ," ಎಂದರು.

ಮಾರ್ಚ್ ಮೂರರ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: ಅಜ್ಜಿ ಒಬ್ಬರೇ ಹೋದರು. ಮಾರನೇ ದಿನದ ಬೆಳಿಗ್ಗೆ ಯಾಯೆಲ್ ಮೆಟ್ಟಿಲ ಮೇಲೆ ನನ್ನನ್ನು ದಾಟಿಕೊಂಡು ಓಡಿದಳು. ಎಷ್ಟು ದಿನ ಎಂದು ಕೇಳಲಿಲ್ಲ.

ಫೆಬ್ರವರಿ ಹದಿನೆಂಟರಿಂದ ಜೂನ್ ಕೊನೆಯವರೆಗೆ ಹದಿನಾಲ್ಕೂ ಹೆಸರುಗಳ ಮುಂದೆ ಖಾಲಿ ಮನೆಗಳು. ನಾನು ಇಟ್ಟ ಯಾವ ಲೆಕ್ಕದಲ್ಲೂ ಇಷ್ಟು ಖಾಲಿ ಜಾಗವಿಲ್ಲ. ಈಗಲೂ ನೋಡಿದರೆ ಕೈ ಕಡಿಯುತ್ತದೆ.

"ಆಯ್ತಾ? ಒಂಬತ್ತನೇದು ಮುಚ್ಚಲಾ?" ಎಂದು ಪ್ರಸನ್ನ ಟೇಪು ಹಿಡಿದು ಬಂದ. ಸ್ಟೀಲಿನವು ಆರು, ಗಾಜಿನವು ನಾಲ್ಕು ಎಂದು ಪಟ್ಟಿಯಲ್ಲಿತ್ತು. ಬಿಳಿ ತಟ್ಟೆಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ನಡುವೆ ಇಟ್ಟೆ.

"ಅದನ್ನ ಬರೀಲಿಲ್ಲ ನೀನು," ಅಂದ.

"ಗೊತ್ತು," ಅಂದೆ. "ಮುಚ್ಚು."